ಬುರುಡೆ ಬಿಚ್ಚಿದ ಮೇಲೆ

ಜೂನ್ ತಿಂಗಳ ಬಿಸಿಲಿನ ಶನಿವಾರ ಇಲ್ಲಿ ಇಂಗ್ಲೆಂಡಿನ ಹ್ಯಾಂಬಲ್ ನದಿಯ ದಡದಲ್ಲಿ ಅರ್ಧ ಗಂಟೆ ಕೂತರೆ ಸಾಕು, ಒಂದೇ ಚಿತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬೋಟಿನಲ್ಲಿ ಒಂದು ಸಂಸಾರ. ಮಕ್ಕಳಿಬ್ಬರಿಗೆ ಕಿವಿವರೆಗೂ ಬರುವ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಅಮ್ಮನಿಗೂ ಒಂದು. ನಾಯಿಗೂ ಒಂದು, ಬೆನ್ನ ಮೇಲೆ ಎತ್ತಿಕೊಳ್ಳಲು ಹಿಡಿ ಇರುವಂಥದ್ದು. ಬೋಟು ಓಡಿಸುವ ಅಪ್ಪನಿಗೆ ಮಾತ್ರ ಕೂಲಿಂಗ್ ಗ್ಲಾಸ್.

ನೋಡಿದರೆ ನಗು ಬರುತ್ತದೆ. ಆದರೆ ನಾನು ನಗುವ ಹಾಗಿಲ್ಲ. ಒಂದು ಇಡೀ ಬೇಸಿಗೆ ನಾನೂ ಆ ಅಪ್ಪನೇ ಆಗಿದ್ದೆ.

ಸೌತಾಂಪ್ಟನ್‌ಗೆ ಬಂದು ಆರು ವರ್ಷವಾದ ಮೇಲೆ ನಾವು ಮೂವರು ಗೆಳೆಯರು ದುಡ್ಡು ಹಾಕಿ ಒಂದು ಹಳೇ ಪವರ್‌ಬೋಟ್ ಕೊಂಡೆವು. ಐದೂವರೆ ಮೀಟರ್ ಉದ್ದ, ಸುತ್ತ ಗಾಳಿ ತುಂಬಿದ ರಬ್ಬರ್ ಟ್ಯೂಬು, ಹಿಂದೆ 90 ಹಾರ್ಸ್‌ಪವರ್ ಎಂಜಿನ್. ಇಂಥ ಬೋಟಿಗೆ ಇಲ್ಲಿ ರಿಬ್ ಅಂತಾರೆ. ನೀರು ಶಾಂತವಾಗಿದ್ದರೆ 30 ನಾಟ್ ಹೋಗುತ್ತದೆ. ಅಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್. ಕಾರಿನಲ್ಲಿ 55 ಅಂದರೆ ಆಕಳಿಕೆ ಬರುವ ವೇಗ. ನೀರಿನ ಮೇಲೆ ಹಾಗಲ್ಲ. ಕಣ್ಣು ತುಂಬಿಕೊಳ್ಳುತ್ತದೆ, ಪಕ್ಕದವರು ಕೂಗಿದ್ದೂ ಕೇಳುವುದಿಲ್ಲ, ಮೊಣಕಾಲುದ್ದದ ಅಲೆಯೂ ರೋಡ್ ಹಂಪಿನ ಹಾಗೆ ಕೆಳಗಿನಿಂದ ಗುದ್ದುತ್ತದೆ. ಮಜಾ ಇರುವುದೂ ಅಲ್ಲೇ, ಸುಳ್ಳು ಯಾಕೆ ಹೇಳಲಿ.

ಬೋಟಿನ ಜೊತೆ ಹಳೇ ಮಾಲೀಕ ನಾಲ್ಕು ಲೈಫ್ ಜಾಕೆಟ್ ಕೊಟ್ಟಿದ್ದ. ಅವನ್ನು ಸೀಟಿನ ಕೆಳಗಿನ ಡಬ್ಬಿಯಲ್ಲಿ ತುರುಕಿಟ್ಟಿದ್ದೆವು. ಮಕ್ಕಳು ಬಂದರೆ ತೆಗೆಯುವುದು. ಊರಿಂದ ನೆಂಟರು ಬಂದರೆ ತೆಗೆಯುವುದು. ನನಗ್ಯಾಕೆ? ನನಗೆ ಈಜು ಬರುತ್ತದೆ.

ಈ ‘ನನಗೆ ಈಜು ಬರುತ್ತದೆ’ ಎಲ್ಲಿಂದ ಬಂತು ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸ್ವಲ್ಪ ಊರಿಗೆ ಹೋಗಿ ಬರೋಣ.

ತಿಪಟೂರಿನ ಹತ್ತಿರ ನಮ್ಮ ಹಳ್ಳಿ. ತೆಂಗಿನ ತೋಟದಲ್ಲಿ ಒಂದು ದೊಡ್ಡ ತೆರೆದ ಬಾವಿ, ಒಂದು ಪಕ್ಕ ಕಲ್ಲಿನ ಮೆಟ್ಟಿಲು. ಬೇಸಿಗೆ ರಜ ಬಂತೆಂದರೆ ಊರ ಹುಡುಗರೆಲ್ಲ ಅಲ್ಲೇ. ಈಜು ಕಲಿಸುತ್ತಿದ್ದವರು ನಮ್ಮ ಚಿಕ್ಕಪ್ಪ. ಅವರ ಹತ್ತಿರ ಎರಡು ಸೋರೆಬುರುಡೆ ಇದ್ದವು. ಚೆನ್ನಾಗಿ ಬಲಿತ ಸೋರೆಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಆಮೇಲೆ ಅಟ್ಟದ ಮೇಲೆ ಇಡೋರು. ಒಳಗೆ ಬೀಜ ಗಲಗಲ ಅನ್ನಬೇಕು, ಹೊರಗೆ ಸಿಪ್ಪೆ ಮರದ ಹಾಗೆ ಗಟ್ಟಿಯಾಗಬೇಕು. ಅದಕ್ಕೆ ಹಗ್ಗ ಹೆಣೆದು, ನಮ್ಮ ಬೆನ್ನಿಗೆ ಕಟ್ಟಿ, ‘ಹೂಂ, ಬೀಳು’ ಅನ್ನೋರು. ಬೀಳದಿದ್ದರೆ ತಳ್ಳೋರು.

ಪ್ರತಿ ವರ್ಷ ಮೊದಲ ದಿನ ಬುರುಡೆಗೇ ಪರೀಕ್ಷೆ. ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟೋರು. ಆಮೇಲೆ ದನಕ್ಕೆ ನೀರು ಕುಡಿಸುವ ತೊಟ್ಟಿಯಲ್ಲಿ ಅದ್ದಿ, ಎರಡು ಕೈಯಿಂದ ಒತ್ತಿ ಹಿಡಿದು ಕಾಯೋರು. ಗುಳ್ಳೆ ಬಂದರೆ ಅದು ಒಲೆಗೆ. ಬರದಿದ್ದರೆ ನಮ್ಮ ಬೆನ್ನಿಗೆ.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹೇಳದೆ ಕೇಳದೆ ಹಗ್ಗ ಬಿಚ್ಚಿಬಿಡೋರು. ನಾನು ಬುರುಡೆ ಬಿಚ್ಚಿದ ದಿನ ಮನೆಗೆ ಬಂದು ಅಜ್ಜಿಗೆ, ಅಮ್ಮನಿಗೆ, ಹಾಲು ಹಾಕಲು ಬಂದವರಿಗೆ, ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಬುರುಡೆ ಕಟ್ಟಿಕೊಂಡವನು ಚಿಕ್ಕವನು, ಬಿಚ್ಚಿದವನು ದೊಡ್ಡವನು. ಬಾವಿಯ ಲೆಕ್ಕದಲ್ಲಿ ವಯಸ್ಸಿಗೆ ಬೇರೆ ಅಳತೆ ಇರಲಿಲ್ಲ. ಒಮ್ಮೆ ಬಿಚ್ಚಿದವನು ಮತ್ತೆ ಕಟ್ಟಿಕೊಂಡರೆ ಆ ಬೇಸಿಗೆ ಪೂರ್ತಿ ಹುಡುಗರು ಅವನನ್ನು ಬಿಡುತ್ತಿರಲಿಲ್ಲ. ಅದೇ ವರ್ಷ ನಾನು ತಳ ಮುಟ್ಟಿ ಹಿಡಿ ಮಣ್ಣು ತಂದು ತೋರಿಸಿದ್ದೆ.

ನಲವತ್ತು ದಾಟಿ, ಇನ್ನೊಂದು ದೇಶದ ಸಮುದ್ರದಲ್ಲಿ ಲೈಫ್ ಜಾಕೆಟ್ ಕೈಗೆ ತಗೊಂಡಾಗಲೆಲ್ಲ ನನ್ನೊಳಗಿನ ಆ ಹುಡುಗ ‘ಮತ್ತೆ ಬುರುಡೆನಾ?’ ಅನ್ನುತ್ತಿದ್ದ. ಅದು ಅವನ ದನಿ ಅಂತ ನನಗೆ ಆಗ ಗೊತ್ತಿರಲಿಲ್ಲ. ಸೆಕೆ ಅಂತ ಹೇಳುತ್ತಿದ್ದೆ. ಕುತ್ತಿಗೆಗೆ ಉಜ್ಜುತ್ತದೆ ಅಂತ ಹೇಳುತ್ತಿದ್ದೆ. ಇಂಗ್ಲೆಂಡಿನಲ್ಲಿ ಸೆಕೆ!

ಆಗಸ್ಟ್‌ನ ಒಂದು ಸಂಜೆ ಐಲ್ ಆಫ್ ವೈಟ್ ದ್ವೀಪದ ಕಡೆಯಿಂದ ವಾಪಸ್ ಬರುತ್ತಿದ್ದೆವು. ನಾನು ಮತ್ತು ಹುಬ್ಬಳ್ಳಿಯ ಗೆಳೆಯ, ಇಬ್ಬರೇ. ಸ್ಟಿಯರಿಂಗ್ ನನ್ನ ಕೈಲಿ. ದೊಡ್ಡ ಹಡಗೊಂದು ಮುಂದೆ ಹಾದು ಹೋಗಿ ಎಷ್ಟೋ ಹೊತ್ತಾಗಿತ್ತು. ಅದು ಎಬ್ಬಿಸಿದ ಅಲೆ ಮಾತ್ರ ಇನ್ನೂ ಬರುತ್ತಿತ್ತು. ಬಿಸಿಲು ಎದುರಿಗಿತ್ತು, ನನಗೆ ಕಾಣಲಿಲ್ಲ. ಮೊದಲನೆ ಅಲೆಗೆ ಬೋಟು ಹಾರಿತು. ಎರಡನೆಯದಕ್ಕೆ ಮೂತಿ ಹೂತುಕೊಂಡು ಗಕ್ಕನೆ ಒಂದು ಪಕ್ಕಕ್ಕೆ ತಿರುಗಿತು. ನೋಡಿದರೆ ನಾನು ಸೀಟಿನಲ್ಲಿಲ್ಲ. ಟ್ಯೂಬಿನ ಮೇಲೆ ಅರ್ಧ ಒಳಗೆ, ಅರ್ಧ ಹೊರಗೆ ಬಿದ್ದಿದ್ದೇನೆ. ಎಂಜಿನ್ ಹಾಗೇ ಕೂಗುತ್ತಿದೆ, ಬೋಟು ತನ್ನ ಪಾಡಿಗೆ ಸುತ್ತು ಹೊಡೆಯುತ್ತಿದೆ. ಗೆಳೆಯ ತೆವಳಿಕೊಂಡು ಹೋಗಿ ಥ್ರಾಟಲ್ ಹಿಂದಕ್ಕೆ ಎಳೆದ. ಒಟ್ಟು ನಾಲ್ಕೈದು ಸೆಕೆಂಡ್ ಇರಬಹುದು.

‘ಏನ್ ಮಾಡಾಕತ್ತೀಯೋ ಮಾರಾಯಾ?’ ಅಂದ. ನಾನು ಏನೂ ಮಾಡುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅದು.

ದಡ ಸೇರುವ ತನಕ ಇಬ್ಬರೂ ಮಾತಾಡಲಿಲ್ಲ. ಜಾಕೆಟ್‌ಗಳು ಡಬ್ಬಿಯಲ್ಲಿ ಬಹಳ ಸುರಕ್ಷಿತವಾಗಿದ್ದವು.

ಮುಂದಿನ ತಿಂಗಳು ಇಬ್ಬರೂ ಹೋಗಿ ಎರಡು ದಿನದ ಪವರ್‌ಬೋಟ್ ಕೋರ್ಸಿಗೆ ಸೇರಿದೆವು. ರಾಯಲ್ ಯಾಟಿಂಗ್ ಅಸೋಸಿಯೇಷನ್‌ನ ಲೆವೆಲ್ 2 ಅಂತ ಅದರ ಹೆಸರು. ಇಷ್ಟ ಇದ್ದವರು ಮಾಡಬಹುದು, ಬಲವಂತ ಇಲ್ಲ. ಬ್ರಿಟನ್ನಿನ ಕಡಲಲ್ಲಿ ಮೋಜಿಗೆ ಸ್ವಂತ ಬೋಟು ಓಡಿಸಲು ಲೈಸೆನ್ಸೇ ಬೇಡ. ಮೊಪೆಡ್‌ಗೆ ಬೇಕು, 90 ಹಾರ್ಸ್‌ಪವರ್ ಬೋಟಿಗೆ ಬೇಡ. ದೊಡ್ಡವರು ಲೈಫ್ ಜಾಕೆಟ್ ಹಾಕಲೇಬೇಕು ಅನ್ನುವ ಕಾನೂನೂ ಇಲ್ಲ. ಬುದ್ಧಿ ಇರುತ್ತದೆ ಅಂತ ಸರ್ಕಾರ ನಂಬಿದೆ, ಪಾಪ.

ಹೇಳಿಕೊಟ್ಟಾಕೆಗೆ ಅರವತ್ತರ ಮೇಲೆ ವಯಸ್ಸು. ಮೊದಲ ಅರ್ಧ ಗಂಟೆ ಎಂಜಿನ್ ಮುಟ್ಟಲು ಬಿಡಲಿಲ್ಲ. ಮೇಜಿನ ಮೇಲೆ ಎರಡು ವಸ್ತು ಇಟ್ಟರು. ಒಂದು ಲೈಫ್ ಜಾಕೆಟ್. ಇನ್ನೊಂದು ಕೆಂಪು ಸುರುಳಿ ಹಗ್ಗ. ನಮ್ಮ ಹಳೇ ಲ್ಯಾಂಡ್‌ಲೈನ್ ಫೋನಿನ ವೈರು ಇರುತ್ತಿತ್ತಲ್ಲ, ಥೇಟ್ ಹಾಗೆ.

ಅದು ಕಿಲ್ ಕಾರ್ಡ್. ಒಂದು ತುದಿ ಎಂಜಿನ್ನಿನ ಸ್ವಿಚ್ಚಿಗೆ, ಇನ್ನೊಂದು ತುದಿ ಓಡಿಸುವವರ ತೊಡೆಗೆ. ಅವರು ಜಾಗ ತಪ್ಪಿ ಹಾರಿದರೆ ಹಗ್ಗ ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ. ನಮ್ಮ ಬೋಟಿನಲ್ಲೂ ಇತ್ತು. ಅದು ಸಿಕ್ಕಿಸದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಹಾಗಾಗಿ ಒಂದು ತುದಿ ಸಿಕ್ಕಿಸಿ, ಇನ್ನೊಂದನ್ನು ಸ್ಟಿಯರಿಂಗ್‌ಗೇ ಸುತ್ತಿಬಿಡುತ್ತಿದ್ದೆವು. ಬೈಕಿನ ಹ್ಯಾಂಡಲ್‌ಗೆ ಹೆಲ್ಮೆಟ್ ತೂಗು ಹಾಕಿಕೊಂಡು ಹೋಗುವವರನ್ನು ಬೆಂಗಳೂರಿನಲ್ಲಿ ನೋಡಿದ್ದೀರಲ್ಲ, ಅದೇ ಜಾತಿ ನಾವು.

ಆಮೇಲೆ ಆಕೆ ಪ್ಯಾಡ್‌ಸ್ಟೋ ವಿಷಯ ಹೇಳಿದರು. 2013ರ ಮೇ 5. ಕಾರ್ನ್‌ವಾಲ್‌ನಲ್ಲಿ ಕ್ಯಾಮಲ್ ನದಿ ಸಮುದ್ರ ಸೇರುವ ಜಾಗ. ಎಂಟು ಮೀಟರಿನ ಒಂದು ರಿಬ್, ಅದರಲ್ಲಿ ಅಪ್ಪ, ಅಮ್ಮ, ನಾಲ್ಕು ಮಕ್ಕಳು. ವೇಗದಲ್ಲಿ ತಿರುಗಿಸಿದಾಗ ಆರೂ ಜನ ನೀರಿಗೆ ಬಿದ್ದರು. ಕಿಲ್ ಕಾರ್ಡ್ ಯಾರ ಮೈಗೂ ಕಟ್ಟಿರಲಿಲ್ಲ. ಖಾಲಿ ಬೋಟು ಸುತ್ತು ಹೊಡೆಯುತ್ತಾ ವಾಪಸ್ ಅವರ ಮೇಲೇ ಬಂತು. ಅಪ್ಪ ಮತ್ತು ಎಂಟು ವರ್ಷದ ಮಗಳು ತೀರಿಕೊಂಡರು. ಅಮ್ಮನಿಗೆ ಮತ್ತು ಮಗನಿಗೆ ಕಾಲಿಗೆ ಭಾರಿ ಪೆಟ್ಟಾಯಿತು, ಅಮ್ಮ ಒಂದು ಕಾಲು ಕಳೆದುಕೊಂಡರು. ಹತ್ತಿರದಲ್ಲಿದ್ದ ಇನ್ನೊಂದು ಬೋಟಿನಿಂದ ಒಬ್ಬರು ಆ ಸುತ್ತುತ್ತಿದ್ದ ಬೋಟಿಗೆ ಹಾರಿ ಎಂಜಿನ್ ನಿಲ್ಲಿಸಬೇಕಾಯಿತು.

ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ನನಗೆ ನಮ್ಮ ಬೋಟು ಕೂಗುತ್ತಾ ಸುತ್ತುತ್ತಿದ್ದ ಸದ್ದು ಕಿವಿಯಲ್ಲಿ ಬಂತು.

‘ಜಾಕೆಟ್ ನಿಮ್ಮನ್ನು ತೇಲಿಸುತ್ತದೆ. ತೇಲುತ್ತಿರುವವರ ಮೇಲೆ ಬೋಟು ಬರದಂತೆ ನೋಡಿಕೊಳ್ಳೋದು ಈ ಹಗ್ಗ. ಎರಡನ್ನೂ ಒಟ್ಟಿಗೆ ಕಟ್ಟಿ’ ಅಂದರು ಆಕೆ. ಅಷ್ಟು ಹೇಳಿ ಟೀ ಮಾಡಲು ಎದ್ದರು.

ಆ ಎರಡು ದಿನದಲ್ಲಿ ತಲೆಗೆ ಹತ್ತಿದ್ದು ಮುಖ್ಯವಾಗಿ ಒಂದೇ. ಬೋಟಿನಲ್ಲಿ ಎಲ್ಲರಿಗಿಂತ ಮೊದಲು ಬೀಳುವ ಸಾಧ್ಯತೆ ಇರುವವನು ಓಡಿಸುವವನು. ನಾವು ಉಲ್ಟಾ ಅಂದುಕೊಂಡಿರುತ್ತೇವೆ. ಸ್ಟಿಯರಿಂಗ್ ಕೈಯಲ್ಲಿದೆ, ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ ಅಂತ. ಆದರೆ ಸ್ಟಿಯರಿಂಗ್ ಅನ್ನುವುದು ತಿರುಗುವ ವಸ್ತು. ಬೀಳುವಾಗ ಅದನ್ನು ಹಿಡಿದುಕೊಂಡರೆ ಅದು ನಮ್ಮ ಜೊತೆಗೇ ತಿರುಗುತ್ತದೆ, ಬೋಟು ಇನ್ನೂ ಜೋರಾಗಿ ತಿರುಗುತ್ತದೆ. ಇನ್ನೊಂದು ಕೈ ಥ್ರಾಟಲ್ ಮೇಲೆ. ಬೀಳುವಾಗ ಅದನ್ನೇ ಮುಂದಕ್ಕೆ ತಳ್ಳಿಬಿಡುತ್ತೇವೆ. ಪಕ್ಕದಲ್ಲಿ ಕೂತವನಿಗಾದರೂ ಎರಡು ಕೈಗೆ ಎರಡು ಹಿಡಿ ಇರುತ್ತದೆ.

ಕಾರಿನಲ್ಲಿ ಬ್ರೇಕಿದೆ, ಸೀಟ್ ಬೆಲ್ಟಿದೆ. ನಮ್ಮಂಥ ತೆರೆದ ಬೋಟಿನಲ್ಲಿ ಎರಡೂ ಇಲ್ಲ. ವೇಗ ಹೆಚ್ಚಿದಂತೆ ಬೋಟು ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆ ಏರಿ ಜಾರುತ್ತದೆ. ಆಗ ಅದರ ಹಿಂಭಾಗ ಮಾತ್ರ ನೀರಿಗೆ ತಾಗಿರುತ್ತದೆ. ಅಂಥ ಹೊತ್ತಲ್ಲಿ ಮೂತಿ ಎಲ್ಲಾದರೂ ನೀರಿಗೆ ಕಚ್ಚಿಕೊಂಡರೆ ಬೋಟು ಅಲ್ಲೇ ತಿರುಗುತ್ತದೆ, ಒಳಗಿದ್ದವರು ಮೊದಲಿನ ದಿಕ್ಕಿಗೇ ಹೋಗುತ್ತಾರೆ.

ಹೋಗಿ ಬೀಳುವುದು ನೀರಿಗೇ ಅಲ್ವಾ ಅನ್ನಬಹುದು. ಕೆರೆಯಲ್ಲಿ ಬಿಲ್ಲೆಕಲ್ಲು ಬೀಸಿ ಎಸೆದರೆ ಅದು ಪುಟಪುಟ ಹಾರಿಕೊಂಡು ಹೋಗುತ್ತದಲ್ಲ, ನೀರು ಆ ಕಲ್ಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನುಷ್ಯನನ್ನೂ ಆ ವೇಗದಲ್ಲಿ ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ. ಕೋರ್ಸ್ ಮುಗಿಸಿ ಬಂದ ರಾತ್ರಿ ಸುಮ್ನೆ ಲೆಕ್ಕ ಹಾಕಿದೆ. ಗಂಟೆಗೆ 55 ಕಿಲೋಮೀಟರ್ ಅಂದರೆ 12 ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟುವ ವೇಗ. ನಮ್ಮ ಬಾವಿಯೇ ಅಷ್ಟು ಆಳ ಇರಲಿಲ್ಲ. ಬಾವಿ ಕಟ್ಟೆಯಿಂದ ಹೊಟ್ಟೆ ಅಡಿಯಾಗಿ ಬಿದ್ದು ಎದೆ ಕೆಂಪಾಗಿ ಅತ್ತವರಿಗೆ ನೀರು ಹೇಗೆ ಹೊಡೆಯುತ್ತದೆ ಅಂತ ಗೊತ್ತು. ಆ ಕಟ್ಟೆ ಎಷ್ಟಿತ್ತು ಮಹಾ, ಎರಡು ಆಳು.

ತಲೆ ಟ್ಯೂಬಿಗೋ ಎಂಜಿನ್ನಿಗೋ ಬಡಿದು ಪ್ರಜ್ಞೆ ತಪ್ಪಿದರೆ ನನ್ನ ಈಜು ಎಲ್ಲಿ ಹೋಯಿತು? ತೋಳು ಮುರಿದರೆ? ಅದೆಲ್ಲ ಆಗಲೇ ಇಲ್ಲ ಅನ್ನೋಣ, ಹೂವಿನ ಹಾಗೆ ಬಿದ್ದೆ ಅನ್ನೋಣ. ಆಗಲೂ ಚಳಿ ಇದೆ.

ಇಲ್ಲಿ ಏಪ್ರಿಲ್‌ನಲ್ಲಿ ಸಮುದ್ರದ ನೀರು 10 ಡಿಗ್ರಿ ಆಸುಪಾಸು ಇರುತ್ತದೆ. ಬಿಸಿಲು ಬಂತು ಅಂತ ಜನ ಬೋಟು ಇಳಿಸುವುದೂ ಆಗಲೇ. ಅಂಥ ನೀರಿಗೆ ಧಡ್ ಅಂತ ಬಿದ್ದರೆ ಮೈ ನಮ್ಮನ್ನು ಕೇಳದೆ ಒಮ್ಮೆಲೇ ದೊಡ್ಡದಾಗಿ ಉಸಿರು ಎಳೆದುಕೊಳ್ಳುತ್ತದೆ. ಆ ಕ್ಷಣ ಮುಖ ನೀರೊಳಗಿದ್ದರೆ ಎಳೆದುಕೊಂಡದ್ದು ನೀರು. ಆಮೇಲೆ ಏದುಸಿರು, ಹಿಡಿತಕ್ಕೆ ಸಿಗದಷ್ಟು. ಇದಕ್ಕೆ ಕೋಲ್ಡ್ ಶಾಕ್ ಅಂತಾರೆ. ನಮ್ಮ ಪಕ್ಕದ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮೈಕ್ ಟಿಪ್ಟನ್ ಬಹಳ ವರ್ಷದಿಂದ ಇದನ್ನೇ ಓದುತ್ತಾ ಬಂದಿದ್ದಾರೆ. ನೀರಿನ ಸುರಕ್ಷತೆ ಹೇಳಿಕೊಡುವವರ ಬಾಯಲ್ಲಿ ‘1-10-1’ ಅಂತ ಒಂದು ಲೆಕ್ಕ ಇದೆ. ತಣ್ಣೀರಿಗೆ ಬಿದ್ದರೆ ಉಸಿರು ಹತೋಟಿಗೆ ಬರಲು 1 ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು 10 ನಿಮಿಷ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು 1 ಗಂಟೆ. ಚಳಿಯಿಂದ ಸಾಯಲು ಅಷ್ಟು ಹೊತ್ತು ಬೇಕು. ಎಷ್ಟೋ ಜನ ಮುಳುಗುವುದು ಮೊದಲ ನಿಮಿಷದಲ್ಲೇ. ಆ ಒಂದು ನಿಮಿಷ ನಮ್ಮ ತಲೆಯನ್ನು ಮೇಲೆ ಹಿಡಿದುಕೊಳ್ಳಲು ಯಾರೋ ಒಬ್ಬರು ಬೇಕು.

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಬಾವಿ ಹುಡುಗ ಸ್ವಲ್ಪ ಸುಮ್ಮನಾದ. ಅವನು ಕಲಿತ ಈಜು ನಿಜವಾದದ್ದೇ. ಏಪ್ರಿಲ್‌ನಲ್ಲಿ, ಬೆಚ್ಚಗಿನ ನೀರಲ್ಲಿ, ತಾನಾಗಿ ಹಾರಿದಾಗ, ಮೇಲೆ ಚಿಕ್ಕಪ್ಪ ನಿಂತಿದ್ದಾಗ ಕಲಿತದ್ದು.

ಕೋರ್ಸ್ ಮುಗಿದ ವಾರವೇ ಹೊಸ ಜಾಕೆಟ್ ಕೊಳ್ಳಲು ಹೋದೆ. ಅಲ್ಲಿ ಇನ್ನೊಂದು ಪಾಠ. ಜಾಕೆಟ್‌ನ ಶಕ್ತಿಯನ್ನು ನ್ಯೂಟನ್‌ನಲ್ಲಿ ಹೇಳುತ್ತಾರೆ. 10 ನ್ಯೂಟನ್ ಅಂದರೆ ಹೆಚ್ಚು ಕಡಿಮೆ ಒಂದು ಕೆಜಿ ಎತ್ತುವ ಶಕ್ತಿ. ಒಳಗೆ ಫೋಮ್ ಇರುವ ತೋಳಿಲ್ಲದ ಕೋಟಿನಂಥದ್ದು 50 ನ್ಯೂಟನ್. ಈಜು ಬರುವವರಿಗೆ, ಹತ್ತಿರದಲ್ಲೇ ಸಹಾಯ ಇದ್ದಾಗ. ಅದು ತೇಲಿಸುತ್ತದೆ, ಆದರೆ ಪ್ರಜ್ಞೆ ತಪ್ಪಿ ಬೋರಲು ಬಿದ್ದವರನ್ನು ತಿರುಗಿಸುವುದಿಲ್ಲ. ಅದಕ್ಕಿಂತ ಹೆಚ್ಚು ಶಕ್ತಿಯದು 150 ನ್ಯೂಟನ್. ಕುತ್ತಿಗೆಯ ಸುತ್ತ ತೆಳ್ಳಗೆ ಮಡಚಿ ಕೂತಿರುತ್ತದೆ, ನೀರಿಗೆ ಬಿದ್ದಾಗ ಪುಟ್ಟ ಸಿಲಿಂಡರ್‌ನ ಗ್ಯಾಸಿನಿಂದ ಉಬ್ಬಿಕೊಳ್ಳುತ್ತದೆ. ಬಿದ್ದವನನ್ನು ಅಂಗಾತ ತಿರುಗಿಸಿ ಮುಖ ಮೇಲೆ ಮಾಡುವುದೇ ಅದರ ಕೆಲಸ.

ಚಿಕ್ಕಪ್ಪನ ದೊಡ್ಡ ಬುರುಡೆ ಐದಾರು ಲೀಟರಿನ ಕೊಡದಷ್ಟಿತ್ತು. ಅಂದರೆ ಅದೂ ಸರಿಸುಮಾರು 50 ನ್ಯೂಟನ್! ಬೆನ್ನಿಗೆ ಕಟ್ಟುತ್ತಿದ್ದದ್ದರಿಂದ ಮುಖ ಕೆಳಗೇ ಇರುತ್ತಿತ್ತು, ಕತ್ತು ನಾವೇ ಎತ್ತಬೇಕಿತ್ತು. ಎತ್ತದಿದ್ದರೆ ಮೇಲಿಂದ ಬೈಗುಳ. ಬೈದರೆ ಕೇಳಿಸುವಷ್ಟು ಎಚ್ಚರ ಇರುವವರಿಗೆ ಮಾತ್ರ ಆ ಬುರುಡೆ.

ವೇಗದ ಬೋಟಿಗೆ ಇನ್ನೊಂದು ತಕರಾರಿದೆ. ತಾನಾಗಿ ಉಬ್ಬುವ ಅಗ್ಗದ ಜಾಕೆಟ್‌ಗಳಲ್ಲಿ ನೀರು ತಾಗಿದರೆ ಕರಗುವ ಒಂದು ಬಿಲ್ಲೆ ಇರುತ್ತದೆ. 30 ನಾಟ್‌ನಲ್ಲಿ ಹೋಗುವಾಗ ಮುಖಕ್ಕೆ ಬಕೆಟ್‌ಗಟ್ಟಲೆ ನೀರು ಎರಚುತ್ತದೆ. ಬೀಳುವ ಮೊದಲೇ ಜಾಕೆಟ್ ಭುಸ್ ಅಂತ ಉಬ್ಬಿ, ಓಡಿಸುವವನ ಗಲ್ಲ ಮೇಲೆತ್ತಿಬಿಡಬಹುದು. ಅದಕ್ಕೆ ನೀರಿನ ಒತ್ತಡಕ್ಕೆ ಮಾತ್ರ ಕೆಲಸ ಮಾಡುವ ನಮೂನೆ ಬೇರೆ ಇದೆ. ಸುಮಾರು 10 ಸೆಂಟಿಮೀಟರ್ ಮುಳುಗಿದರೆ ಮಾತ್ರ ಉಬ್ಬುತ್ತದೆ. ಬೆಲೆ ಜಾಸ್ತಿ. ಕಾಲ ಸಂದಿಯಿಂದ ಬರುವ ಒಂದು ಪಟ್ಟಿಯೂ ಬೇಕು, ಇಲ್ಲದಿದ್ದರೆ ಉಬ್ಬಿದ ಜಾಕೆಟ್ ಮೇಲೆ ಹೋಗಿ ಕಿವಿ ಮುಚ್ಚುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಈ ಪಟ್ಟಿಗೆ ನಾವು ಲಂಗೋಟಿ ಅಂತ ಹೆಸರಿಟ್ಟಿದ್ದೇವೆ. ಹಾಕಿಕೊಳ್ಳಲು ಎಲ್ಲರಿಗೂ ನಾಚಿಕೆ.

ಈ ನಾಚಿಕೆ ಹಳೆಯದು. 1861ರ ಫೆಬ್ರವರಿ 9ರಂದು ಯಾರ್ಕ್‌ಷೈರ್‌ನ ವಿಟ್‌ಬಿ ಎಂಬ ಊರಿನಲ್ಲಿ ಭಾರಿ ಬಿರುಗಾಳಿ. ಒಂದಾದ ಮೇಲೊಂದು ಹಡಗು ದಡಕ್ಕೆ ಬಡಿಯುತ್ತಿತ್ತು. ಊರಿನ ರಕ್ಷಣಾ ದೋಣಿಯಲ್ಲಿ 13 ಜನ ಮತ್ತೆ ಮತ್ತೆ ಹೋಗಿ ಜನರನ್ನು ಕರೆತಂದರು. ಕೊನೆಗೆ ಅವರದೇ ದೋಣಿ ಮಗುಚಿತು. 12 ಜನ ಸತ್ತರು. ಉಳಿದವರು ಹೆನ್ರಿ ಫ್ರೀಮನ್ ಒಬ್ಬರೇ. ಕ್ಯಾಪ್ಟನ್ ವಾರ್ಡ್ ಎಂಬುವರು ಕೆಲವೇ ವರ್ಷ ಮುಂಚೆ ಮಾಡಿದ್ದ ಹೊಸ ಬೆಂಡಿನ ಜಾಕೆಟ್ ಹಾಕಿದ್ದವರೂ ಅವರೊಬ್ಬರೇ. ಆ 12 ಜನ ಸಮುದ್ರ ಗೊತ್ತಿಲ್ಲದವರಲ್ಲ. ನನಗಿಂತ ನೂರು ಪಾಲು ಗೊತ್ತಿದ್ದವರು.

ಬೆಂಡಿನ ಆ ಜಾಕೆಟ್ ಗಡುಸು, ರೋಯಿಂಗ್ ಮಾಡಲು ಕಷ್ಟ. 1904ರ ಹೊತ್ತಿಗೆ ಬೆಂಡಿನ ಜಾಗಕ್ಕೆ ಕೇಪಕ್ ಬಂತು. ಕೇಪಕ್ ಅಂದರೆ ಬಿಳಿ ಬೂರುಗದ ಹತ್ತಿ. ನಮ್ಮ ಅಜ್ಜಿ ದಿಂಬಿಗೆ ತುಂಬುತ್ತಿದ್ದರಲ್ಲ, ಆ ಜಾತಿಯ ಹತ್ತಿ. ಅದು ಹೇಗೆ ತೇಲುತ್ತದೆ ಅಂತ ದಿಂಬು ಒಗೆಯಲು ಹೋಗಿ ಬೈಸಿಕೊಂಡವರಿಗೆ ಗೊತ್ತಿರುತ್ತದೆ.

ನಿಜವಾಗಿ ವೇಗವಾಗಿ ಹೋಗುವವರು ಈ ವಿಷಯದಲ್ಲಿ ತಲೆಹರಟೆ ಮಾಡುವುದಿಲ್ಲ. ಫೆರಾರಿಯಲ್ಲಿ ಫಾರ್ಮುಲಾ ಒನ್ ಓಡಿಸುತ್ತಿದ್ದ ದಿದಿಯೆ ಪಿರೋನಿ 1982ರ ಅಪಘಾತದಲ್ಲಿ ಕಾಲು ಮುರಿದುಕೊಂಡು ಕಾರು ಬಿಟ್ಟು ಪವರ್‌ಬೋಟ್ ರೇಸಿಗೆ ಬಂದವರು. 1987ರ ಆಗಸ್ಟ್ 23ರಂದು ಇದೇ ಐಲ್ ಆಫ್ ವೈಟ್ ಹತ್ತಿರ ಅವರೂ ಜೊತೆಗಿದ್ದ ಇಬ್ಬರೂ ಸತ್ತರು. ಟ್ಯಾಂಕರ್ ಹಡಗು ಎಬ್ಬಿಸಿದ ಅಲೆಗೆ ಬೋಟು ಹಾರಿ ಮಗುಚಿತ್ತು. ಈಗಿನ ದೊಡ್ಡ ರೇಸ್ ಬೋಟುಗಳಲ್ಲಿ ವಿಮಾನದ ಹಾಗೆ ಮುಚ್ಚಿದ ಗಾಜಿನ ಗೂಡು, ಬೆಲ್ಟು, ಹೆಲ್ಮೆಟ್, ಮಗುಚಿದರೆ ಉಸಿರಾಡಲು ಗಾಳಿ, ಎಲ್ಲ ಇರುತ್ತದೆ. ಹಡಗಿನ ಅಲೆ ಅಂದಾಗ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ, ಯಾಕೆ ಅಂತ ನಿಮಗೂ ಗೊತ್ತು.

ಅಮೆರಿಕದ ಕೋಸ್ಟ್ ಗಾರ್ಡ್ ಪ್ರತಿ ವರ್ಷ ಮೋಜಿನ ಬೋಟುಗಳ ಅಪಘಾತದ ಲೆಕ್ಕ ಕೊಡುತ್ತದೆ. 2023ರಲ್ಲಿ ಅಲ್ಲಿ ಸತ್ತವರು 564. ಸಾವಿನ ಕಾರಣ ಗೊತ್ತಿದ್ದವರಲ್ಲಿ ಮುಕ್ಕಾಲು ಪಾಲು ಮುಳುಗಿ ಸತ್ತವರು. ಮುಳುಗಿದವರಲ್ಲಿ ನೂರಕ್ಕೆ 87 ಜನ ಜಾಕೆಟ್ ಹಾಕಿರಲಿಲ್ಲ. ಅಲ್ಲಿ ಬೋಟಿನಲ್ಲಿ ಜಾಕೆಟ್ ಇರಲೇಬೇಕು ಅಂತ ಕಾನೂನಿದೆ. ಅಂದರೆ ಎಷ್ಟೋ ಜನರ ಜಾಕೆಟ್ ನಮ್ಮ ಹಾಗೇ ಸೀಟಿನ ಕೆಳಗೆ ಇದ್ದಿರಬೇಕು. 2021ರ ಏಪ್ರಿಲ್ 1ರಿಂದ ಅಲ್ಲಿ 26 ಅಡಿಗಿಂತ ಚಿಕ್ಕ ಬೋಟು ವೇಗವಾಗಿ ಓಡಿಸುವವರು ಕಿಲ್ ಕಾರ್ಡ್‌ನಂಥದ್ದನ್ನು ಕಟ್ಟಿಕೊಳ್ಳುವುದೂ ಕಡ್ಡಾಯ.

ಹೋದ ವರ್ಷ ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಕರಾವಳಿಯ ಒಂದು ಬೀಚಿಗೆ ಹೋಗಿದ್ದೆ. ಸ್ಪೀಡ್‌ಬೋಟ್ ಸವಾರಿ. ಎಲ್ಲರಿಗೂ ಜಾಕೆಟ್ ಕೊಟ್ಟರು, ಹಾಕದಿದ್ದರೆ ಹತ್ತಿಸುವುದಿಲ್ಲ ಅಂದರು. ಖುಷಿಯಾಯಿತು. ನನ್ನ ಮಗನ ಜಾಕೆಟ್‌ನ ಬಕಲ್ ಮುರಿದಿತ್ತು, ಅದನ್ನು ಗೋಣಿ ದಾರದಿಂದ ಕಟ್ಟಿದ್ದರು. ಬೋಟು ಓಡಿಸುವ ಹುಡುಗನಿಗೆ ಇಪ್ಪತ್ತೆರಡು ಇರಬಹುದು. ಬರೀ ಬನಿಯನ್. ಕೆಂಪು ಹಗ್ಗ ಸ್ಟಿಯರಿಂಗ್‌ಗೆ ಸುತ್ತಿತ್ತು.

‘ನಿಮಗೆ ಜಾಕೆಟ್ ಇಲ್ವಾ?’ ಅಂದೆ.

‘ನಮಗೆಂಥದ್ದು ಸಾರ್, ನಾವು ಇಲ್ಲಿಯೇ ಹುಟ್ಟಿದ್ದಲ್ವಾ ಮಾರಾಯ್ರೆ’ ಅಂತ ನಕ್ಕ.

ನೀನು ಬಿದ್ದರೆ ಈ ಬೋಟನ್ನು ನಿಲ್ಲಿಸುವವರು ಯಾರಪ್ಪಾ ಅಂತ ಕೇಳಬೇಕು ಅನ್ನಿಸಿತು. ಹಿಂದೆ ಎಂಟು ಜನ ಕೂತಿದ್ದರು. ಕೇಳಿದೆ ಕೂಡ. ಅವನಿಗೆ ಅದು ತಮಾಷೆಯ ಪ್ರಶ್ನೆ ಅನ್ನಿಸಿತು. ತೀರಾ ಒತ್ತಾಯ ಮಾಡಿದ ಮೇಲೆ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡ. ವಿದೇಶದಿಂದ ಬಂದವರ ಕಾಟ ಅಂದುಕೊಂಡಿರುತ್ತಾನೆ. ಇರಲಿ.

ನಮ್ಮಲ್ಲಿ ಜಾಕೆಟ್ ಮಾತು ಬರುವುದು ಸುದ್ದಿ ಆದಮೇಲೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2024ರ ಡಿಸೆಂಬರ್ 18ರಂದು ಮುಂಬೈನಲ್ಲಿ ಎಂಜಿನ್ ಪರೀಕ್ಷೆ ನಡೆಸುತ್ತಿದ್ದ ನೌಕಾಪಡೆಯ ವೇಗದ ಬೋಟು ಹತೋಟಿ ತಪ್ಪಿ, ಎಲಿಫೆಂಟಾಗೆ ಹೊರಟಿದ್ದ ನೀಲ್ ಕಮಲ್ ಎಂಬ ಪ್ರವಾಸಿ ದೋಣಿಗೆ ಗುದ್ದಿತು. 15 ಜನ ಹೋದರು. ಆ ರಾತ್ರಿ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋ ಮೇಲೆ ವಿಡಿಯೋ. ಚಿಕ್ಕಪ್ಪ ಮಾತ್ರ ಫೋನ್ ಮಾಡಿ ಒಂದೇ ಮಾತು ಕೇಳಿದರು. ‘ನಿಂದೂ ಇಂಥದ್ದೇ ಬೋಟಾ?’

ನಾನು ಜಂಬದಿಂದ ಹೇಳಿದೆ. ಚಿಕ್ಕದು ಚಿಕ್ಕಪ್ಪ, ಆದರೆ ನಾನು ಜಾಕೆಟ್ ಹಾಕದೆ ಹತ್ತೋದೇ ಇಲ್ಲ, ಎರಡು ವರ್ಷದಿಂದ.

ಆ ಜಂಬ ಇಳಿದದ್ದು ಫೆಬ್ರವರಿಯಲ್ಲಿ. ಚಳಿಗಾಲದಲ್ಲಿ ಇಲ್ಲಿ ಬೋಟು ಮಂದಿಯೆಲ್ಲ ಸೇರಿ ಊರಿನ ಈಜುಕೊಳ ಒಂದು ಸಂಜೆ ಬಾಡಿಗೆಗೆ ಹಿಡಿಯುತ್ತಾರೆ. ಅವರವರ ಜಾಕೆಟ್ ತಾವೇ ಹಾಕಿಕೊಂಡು, ಬಟ್ಟೆ ಸಮೇತ ನೀರಿಗೆ ಹಾರುವುದು. ಒಂದು ಸಿಲಿಂಡರ್ ಖರ್ಚಾಗುತ್ತದೆ ಅಂತ ನಾನು ಎರಡು ವರ್ಷ ತಪ್ಪಿಸಿಕೊಂಡಿದ್ದೆ. ಹುಬ್ಬಳ್ಳಿ ಗೆಳೆಯ ಮೊದಲು ಹಾರಿದ. ಭುಸ್ ಅಂತ ಹಳದಿ ಹಾವಿನ ಹಾಗೆ ಅವನ ಜಾಕೆಟ್ ಉಬ್ಬಿತು. ಲಂಗೋಟಿ ಹಾಕಿರಲಿಲ್ಲ, ಮೂಗಿನ ತನಕ ಮುಚ್ಚಿಕೊಂಡು ಒಳಗಿಂದ ಏನೋ ಬೈಯುತ್ತಿದ್ದ. ಎಲ್ಲರೂ ನಕ್ಕರು.

ನಾನು ಹಾರಿದೆ. ಟಕ್ ಅಂತ ಒಂದು ಸದ್ದು. ಅಷ್ಟೇ.

ತಾನಾಗಿ ಉಬ್ಬದಿದ್ದರೆ ಎಳೆಯಲು ಎದೆಯ ಹತ್ತಿರ ಇರುವ ದಾರ ಎಳೆದೆ. ಇನ್ನೊಂದು ಸಲ ಎಳೆದೆ. ಕುತ್ತಿಗೆಯ ಸುತ್ತ ಒದ್ದೆ ಬಟ್ಟೆ ಸುತ್ತಿಕೊಂಡ ಹಾಗಿತ್ತು, ಅದಕ್ಕಿಂತ ಹೆಚ್ಚೇನಿಲ್ಲ. ನೀರು ಬೆಚ್ಚಗಿತ್ತು, ಆಳ ಎರಡು ಮೀಟರ್, ಸುತ್ತ ಮೂವತ್ತು ಜನ. ಬೂಟು ಹಾಕಿಕೊಂಡು ಕಾಲು ಬಡಿಯುತ್ತಾ, ಜಾಕೆಟ್‌ನ ಕೊಳವೆ ಹುಡುಕಿ ಬಾಯಿಂದ ಊದಿದೆ. ಐದಾರು ಉಸಿರು ಬೇಕಾಯಿತು. ಯಾರೂ ನಗಲಿಲ್ಲ.

ಮೇಲೆ ಬಂದು ಬಿಚ್ಚಿ ನೋಡಿದರೆ ಸಿಲಿಂಡರ್‌ನ ತಿರುಪು ಸಡಿಲವಾಗಿತ್ತು. ಎರಡು ಸುತ್ತು. ಬೋಟಿನ ಅದುರಾಟಕ್ಕೆ ಹೀಗಾಗುವುದು ಮಾಮೂಲಿ, ಆಗಾಗ ಬಿಗಿ ಮಾಡುತ್ತಿರಬೇಕು ಅಂತ ಪಕ್ಕದವರು ಹೇಳಿದರು. ಸಿಲಿಂಡರ್ ಚುಚ್ಚಬೇಕಾದ ಮುಳ್ಳು ಹೊಡೆದಿದೆ, ಅದರ ತನಕ ಮುಟ್ಟಿಲ್ಲ. ಯಾವಾಗಿನಿಂದ ಹಾಗಿತ್ತೋ. ಎರಡು ಬೇಸಿಗೆ ನಾನು ಒಂದು ಹಳದಿ ಶಾಲು ಹೊದ್ದು ಓಡಾಡಿದ್ದಿರಬಹುದು. ಹ್ಯಾಂಬಲ್ ದಡದಲ್ಲಿ ಕೂಲಿಂಗ್ ಗ್ಲಾಸಿನ ಅಪ್ಪಂದಿರನ್ನು ನೋಡಿ ಒಳಗೊಳಗೇ ಮರುಗುತ್ತಾ.

ಆ ಭಾನುವಾರ ಅಡಿಗೆಮನೆಯ ಮೇಜಿನ ಮೇಲೆ ಎಲ್ಲ ಹರಡಿಕೊಂಡು ಕೂತೆ. ಹೊಸ ಸಿಲಿಂಡರನ್ನು ಹೆಂಡತಿ ರವೆ ತೂಗುವ ಡಿಜಿಟಲ್ ತಕ್ಕಡಿ ಮೇಲಿಟ್ಟೆ. ಸಿಲಿಂಡರ್ ಮೇಲೆ ಅಚ್ಚಾದ ತೂಕಕ್ಕಿಂತ ಕಡಿಮೆ ಬಂದರೆ ಗ್ಯಾಸ್ ಸೋರಿದೆ ಅಂತ ಲೆಕ್ಕ. ಸರಿ ಇತ್ತು. ಕೈಲಿ ಆಗುವಷ್ಟು ಬಿಗಿ ಮಾಡಿದೆ. ಹೊಲಿಗೆ ನೋಡಿದೆ, ಪಟ್ಟಿ ಎಳೆದು ನೋಡಿದೆ. ಆಮೇಲೆ ಜಾಕೆಟನ್ನು ಬಾಯಿಂದ ಪೂರ್ತಿ ಊದಿ ಕುರ್ಚಿಗೆ ಸಿಕ್ಕಿಸಿದೆ. ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಗಾಳಿ ನಿಂತಿದೆಯಾ ನೋಡಬೇಕು.

ಅಷ್ಟರಲ್ಲಿ ಚಿಕ್ಕಪ್ಪನ ವಿಡಿಯೋ ಕಾಲ್ ಬಂತು. ಹಿಂದಿನ ಕುರ್ಚಿ ಕಾಣಿಸಿತು ಅವರಿಗೆ.

‘ಅದೇನೋ ಹಳದೀದು?’

‘ಬುರುಡೆ ಚಿಕ್ಕಪ್ಪ.’

‘ಯಾರಿಗೆ, ಮಗನಿಗಾ?’

‘ನನಗೇ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ನೆಟ್‌ವರ್ಕ್ ನಿಂತಿತು ಅಂದುಕೊಂಡೆ. ಆಮೇಲೆ ಕೇಳಿದರು.

‘ತೊಟ್ಟೀಲಿ ಅದ್ದಿ ನೋಡಿದೆಯಾ?’

ಬೆಳಿಗ್ಗೆ ಎದ್ದವನೇ ಹೋಗಿ ಮುಟ್ಟಿ ನೋಡಿದೆ. ಮಕ್ಕಳು ರಾತ್ರಿ ಅದಕ್ಕೊಂದು ಟೋಪಿ ಹಾಕಿ ಮಲಗಿದ್ದರು. ಬಲಗಡೆ ಕಲ್ಲಿನ ಹಾಗೆ ಬಿಗಿಯಾಗಿತ್ತು. ಎಡಗಡೆ ಒಂಚೂರು ಮೆತ್ತಗಿದೆಯೋ ಏನೋ ಅನ್ನಿಸಿತು. ಸ್ನಾನದ ತೊಟ್ಟಿಗೆ ನೀರು ಬಿಟ್ಟೆ.